ನುಡಿಮುತ್ತು ಹಾಕುವ ಮುನ್ನ

ಗುಂಪಿನ ಸದಸ್ಯರೇ, ಸತ್ಯ, ಸ್ವಾತಂತ್ರ್ಯದ ಬಗ್ಗೆ ನುಡಿಮುತ್ತು ಹಾಕುವಾಗ ಹೇಳಿದವರ ಹೆಸರಿನ ಜೊತೆ ಕೃತಿ, ಇಸವಿಯನ್ನೂ ಬರೆಯಿರಿ. ಬರೀ ಭಾವಚಿತ್ರ ಸಾಲದು.

‘ನಿಮ್ಮ ಮಾತು ಒಪ್ಪಲಾರೆ, ಆದರೂ ಅದನ್ನಾಡುವ ನಿಮ್ಮ ಹಕ್ಕಿಗಾಗಿ ಪ್ರಾಣ ಕೊಟ್ಟೇನು’ ಎಂಬುದು ಫ್ರೆಂಚ್ ಚಿಂತಕ ವಾಲ್ಟೇರ್ ಹೆಸರಲ್ಲಿ ಮತ್ತೆ ಮತ್ತೆ ಬರುತ್ತಿದೆ. ವಾಲ್ಟೇರ್ ತೀರಿಕೊಂಡದ್ದು 1778ರಲ್ಲಿ. ಸಾಲು ಇಂಗ್ಲಿಷ್ ಲೇಖಕಿ ಈವ್ಲಿನ್ ಬಿಯಾಟ್ರಿಸ್ ಹಾಲ್ ಅವರದು, 1906ರ ಪುಸ್ತಕದ್ದು. ಫ್ರೆಂಚ್ ತತ್ವಜ್ಞಾನಿ ಹೆಲ್ವೇಷಿಯಸ್‌ನ ಕೃತಿಯನ್ನು ಸುಟ್ಟಾಗ ವಾಲ್ಟೇರ್ ತಳೆದ ನಿಲುವನ್ನು ಆಕೆ ತಮ್ಮ ಮಾತಲ್ಲಿ ಹೇಳಿ ಉದ್ಧರಣ ಚಿಹ್ನೆ ಹಾಕಿಬಿಟ್ಟರು, ಎಡವಟ್ಟಾದದ್ದು ಅಲ್ಲೇ.

ವಚನಗಳಲ್ಲಿ ಅಂಕಿತವೊಂದನ್ನೇ ನಂಬಬೇಡಿ. ಕೊನೆಗೆ ‘ಕೂಡಲಸಂಗಮದೇವಾ’ ಅಂಟಿಸುವುದು ಯಾರಿಗೂ ಸುಲಭ (ಅಂಟಿಸುತ್ತಲೂ ಇದ್ದಾರೆ). ಮೊದಲ ಸಾಲನ್ನು ಸಮಗ್ರ ವಚನ ಸಂಪುಟದಲ್ಲಿ ಹುಡುಕಿ, ವಚನದ ಸಂಖ್ಯೆ ಕೊಡಿ. ಮೂಲ ಸಿಗದಿದ್ದರೆ ‘ಯಾರದೋ ಗೊತ್ತಿಲ್ಲ’ ಎಂದು ಬರೆದರಾಯಿತು. ಸಾಲಿನ ಫೋಟೊ ಬೇಡ, ಟೈಪ್ ಮಾಡಿ. ಆಮೇಲೆ ಹುಡುಕಿದರೆ ಸಿಗುತ್ತದೆ.