ಗಂಡು ಬೆಕ್ಕಿನ ಮೂತ್ರ ಕಟ್ಟಿದರೆ ಬೆಳಗಾಗಲಿ ಎನ್ನಬೇಡಿ

ಮಾನ್ಯ ಸಂಪಾದಕರೇ,

ಗಂಡು ಬೆಕ್ಕು ಪದೇ ಪದೇ ಮರಳಿನ ಟ್ರೇಗೆ ಹೋಗಿ ಕೂತು ತಿಣುಕಿದರೆ, ಮಲಬದ್ಧತೆ ಎಂದುಕೊಂಡು ಹರಳೆಣ್ಣೆ ಕುಡಿಸುವ ರೂಢಿ ನಮ್ಮ ಮೈಸೂರಿನ ಮನೆಗಳಲ್ಲಿ ಇನ್ನೂ ಇದೆ. ಎಷ್ಟೋ ಸಲ ತೊಂದರೆ ಇರುವುದು ಮೂತ್ರದ್ದು. ಗಂಡಿನ ಮೂತ್ರನಾಳ ತುದಿಯಲ್ಲಿ ತೀರಾ ಸಪೂರ. ಮೂತ್ರದಲ್ಲಿ ಕಟ್ಟುವ ಸ್ಟ್ರುವೈಟ್ ಎಂಬ ಖನಿಜದ ಹರಳು, ಲೋಳೆ ಸೇರಿ ದಾರಿ ಮುಚ್ಚಿಬಿಡುತ್ತವೆ. ಹೆಣ್ಣು ಬೆಕ್ಕಿನಲ್ಲಿ ಇದು ಅಪರೂಪ.

ಹೊಟ್ಟೆಯ ಹಿಂಭಾಗದಲ್ಲಿ ನಿಂಬೆಹಣ್ಣಿನಂಥ ಗಟ್ಟಿ ಉಂಡೆ ಕೈಗೆ ಸಿಕ್ಕರೆ ಅದು ತುಂಬಿದ ಮೂತ್ರಕೋಶ. ಅದುಮಬೇಡಿ, ಒಡೆದೀತು. ಮೂತ್ರ ಪೂರ್ತಿ ನಿಂತರೆ ರಕ್ತದಲ್ಲಿ ಪೊಟ್ಯಾಶಿಯಂ ಏರಿ ಹೃದಯಬಡಿತ ತಗ್ಗುತ್ತದೆ. 24ರಿಂದ 48 ಗಂಟೆಯೊಳಗೆ ಜೀವಕ್ಕೇ ಕುತ್ತು. ವಾಂತಿ, ಮಂಕು ಶುರುವಾಯಿತೆಂದರೆ ಆಗಲೇ ತಡವಾಗಿದೆ. ನೋವಿಗೆಂದು ಪ್ಯಾರಾಸಿಟಮಾಲ್ ಕೊಡುವುದಂತೂ ಬೆಕ್ಕಿಗೆ ವಿಷ ಹಾಕಿದಂತೆಯೇ, ಅರ್ಧ ಮಾತ್ರೆಯೂ ಬೇಡ.

ವೈದ್ಯರು ಅರಿವಳಿಕೆ ಕೊಟ್ಟು, ಸಣ್ಣ ಕ್ಯಾತಿಟರ್ (ಮೂತ್ರ ಹೊರಬಿಡುವ ಸಪೂರ ಕೊಳವೆ) ತೂರಿಸಿ, ಸಲೈನಿನಿಂದ ನಾಳ ತೊಳೆಯುತ್ತಾರೆ. ಒಂದೆರಡು ದಿನ ಅದನ್ನು ಒಳಗೇ ಬಿಡಬೇಕಾಗಬಹುದು. ತೆಗೆದ ಮೊದಲ ವಾರ ಮತ್ತೆ ಕಟ್ಟುವ ಸಂಭವ ಹೆಚ್ಚು, ಹಾಗಾಗಿ ಟ್ರೇಯಲ್ಲಿನ ಒದ್ದೆ ಗಂಟುಗಳನ್ನು ದಿನಾ ಎಣಿಸಿ. ಒಣ ಆಹಾರವನ್ನಷ್ಟೇ ಹಾಕುವವರು ಅದಕ್ಕೆ ನೀರು ಬೆರೆಸಿ, ಮನೆಯ ಎರಡು ಮೂರು ಕಡೆ ನೀರಿನ ಬಟ್ಟಲಿಡಿ.

ಭಾನುವಾರ, ರಾತ್ರಿ ಯಾವ ಕ್ಲಿನಿಕ್ ತೆರೆದಿರುತ್ತದೆ, ಅಲ್ಲಿ ಬೆಕ್ಕಿಗೆ ಹೊಂದುವ ಕ್ಯಾತಿಟರ್ ಇದೆಯೇ ಎಂದು ಬೆಕ್ಕು ಚೆನ್ನಾಗಿರುವಾಗಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ನಗರದಲ್ಲಿ ರಾತ್ರಿ ತೆರೆದಿರುವ ಪಶು ಚಿಕಿತ್ಸಾಲಯಗಳ ಪಟ್ಟಿಯನ್ನು ತಮ್ಮ ಪತ್ರಿಕೆ ಪ್ರಕಟಿಸಿದರೆ ಉಪಕಾರವಾದೀತು.

– ಪಶುವೈದ್ಯ, ಕುವೆಂಪುನಗರ, ಮೈಸೂರು