ದಂತವೈದ್ಯರ ಬದಲಿಗೆ ಭಿತ್ತಿಪತ್ರ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ಸಾದರ ವಂದನೆಗಳು.

ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ಮಂಜೂರಾಗಿಯೂ ಖಾಲಿ ಬಿದ್ದಿರುವ ದಂತವೈದ್ಯರ ಹುದ್ದೆಯನ್ನು ಭರ್ತಿ ಮಾಡಬೇಕು, ಮತ್ತು ವೈದ್ಯರ ಬದಲಿಗೆ ಆ ವಿಭಾಗದ ಬಾಗಿಲಿಗೆ ಅಂಟಿಸಿರುವ ‘ನೈಸರ್ಗಿಕ ದಂತ ಆರೈಕೆ’ ಎಂಬ ಭಿತ್ತಿಪತ್ರವನ್ನು ತೆಗೆಸಬೇಕು ಎಂಬ ಕೋರಿಕೆಯನ್ನು ನಾನು ಹಲವು ವರ್ಷಗಳಿಂದ ತಮ್ಮ ಇಲಾಖೆಯ ಮುಂದಿಡುತ್ತ ಬಂದಿದ್ದೇನೆ. ಮನವಿಗೆ ಸ್ವೀಕೃತಿ ಸಿಕ್ಕಿದೆ, ಜ್ಞಾಪನ ಪತ್ರಕ್ಕೆ ಮತ್ತೊಂದು ಸ್ವೀಕೃತಿ ಸಿಕ್ಕಿದೆ, ದೂರಿಗೆ ‘ವಿಷಯವು ಪರಿಶೀಲನೆಯಲ್ಲಿದೆ’ ಎಂಬ ಹಿಂಬರಹವೂ ಸಿಕ್ಕಿದೆ. ದಂತವೈದ್ಯರು ಮಾತ್ರ ಸಿಕ್ಕಿಲ್ಲ. ಖಾಲಿ ಹುದ್ದೆಯ ಭರ್ತಿ, ಪ್ರಭಾರ, ನಿಯೋಜನೆ, ಇವುಗಳ ನಿಯಮಗಳನ್ನು ನಾನು ತಮಗೆ ತಿಳಿಸಿಕೊಡಬೇಕಾಗಿಲ್ಲ. ಅಂಥ ಆದೇಶಗಳು ಹೊರಡುವುದೇ ತಮ್ಮ ಕಚೇರಿಯಿಂದ. ಹಾಗಾಗಿ ನಿಯಮದ ಮಾತನ್ನು ಬದಿಗಿಟ್ಟು, ಅದನ್ನು ಪಾಲಿಸದೆ ಹೋದಾಗ ಒಬ್ಬ ರೋಗಿಯ ಗತಿ ಏನಾಗುತ್ತದೆ ಎಂಬುದನ್ನು ಹೇಳುತ್ತೇನೆ.

ಆ ಭಿತ್ತಿಪತ್ರವನ್ನು ತಾವು ನೋಡಿರಲಿಕ್ಕಿಲ್ಲ, ಅದರಲ್ಲಿ ತಮ್ಮದೇ ಭಾವಚಿತ್ರವಿದ್ದರೂ. ಮೇಲೆ ತಾವು ಹಲ್ಲು ಕಾಣುವಂತೆ ನಗುತ್ತಿದ್ದೀರಿ. ನಡುವೆ ಹಸಿರು ಎಲೆಗಳ ಚಿತ್ತಾರ. ಅದರ ಕೆಳಗೆ ಸಲಹೆಗಳು: ಹಲ್ಲುನೋವಿಗೆ ಲವಂಗದೆಣ್ಣೆ, ವಸಡಿನ ಊತಕ್ಕೆ ಉಪ್ಪುನೀರು, ಹಲ್ಲು ಬೆಳ್ಳಗಾಗಲು ನಿಂಬೆರಸ, ಹಲ್ಲು ಗಟ್ಟಿಯಾಗಲು ಇದ್ದಿಲ ಪುಡಿ. ಇನ್ನೂ ಕೆಳಗೆ, ಚಿಲಕಕ್ಕೆ, ಬೀಗ. ಕಿಟಕಿಯ ಗಾಜಿಗೆ ಮುಖವೊತ್ತಿ ನೋಡಿದರೆ ಒಳಗಿನ ದಂತ ಚಿಕಿತ್ಸೆಯ ಕುರ್ಚಿ ಕಾಣುತ್ತದೆ. ತಂದ ದಿನ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಬಿಚ್ಚಿಲ್ಲ, ರೋಗಿ ತಲೆಯಿಡಬೇಕಾದ ಜಾಗದಲ್ಲಿ ಹಳೆಯ ಕಡತಗಳ ಕಟ್ಟೊಂದು ಒರಗಿಕೊಂಡಿದೆ. ಆ ಕಡತಗಳಿಗಾದರೂ ಹಲ್ಲುನೋವು ಬಾರದಿರಲಿ.

ನೈಸರ್ಗಿಕ ಆರೈಕೆಯ ಮೇಲೆ ನನಗೆ ಹಗೆಯೇನೂ ಇಲ್ಲ. ಲವಂಗದೆಣ್ಣೆಯಲ್ಲಿರುವ ಯೂಜಿನಾಲ್ ನೋವನ್ನು ಮಂದಗೊಳಿಸುತ್ತದೆ ಎಂಬುದು ನಿಜ. ದಂತವೈದ್ಯರೇ ಅದನ್ನು ಜಿಂಕ್ ಆಕ್ಸೈಡ್ ಜೊತೆ ಕಲಸಿ ಹಲ್ಲಿನ ಕುಳಿಯನ್ನು ತಾತ್ಕಾಲಿಕವಾಗಿ ತುಂಬಲು ಬಳಸುತ್ತಾರೆ. ಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿದರೆ ಊದಿದ ವಸಡಿಗೆ ಹಿತವಾಗುವುದೂ ನಿಜ. ಆದರೆ ಹುಳುಕು ಹಲ್ಲಿನ ತಿರುಳನ್ನು ತಲುಪಿ, ಒಳಗಿನ ನರ ಸತ್ತು, ಬೇರಿನ ತುದಿಯಲ್ಲಿ ಕೀವು ಕಟ್ಟಿದ ಮೇಲೆ ಎಣ್ಣೆಯಿಂದ ಆಗುವುದು ನೋವಿನ ಶಮನವಷ್ಟೇ. ಸೋಂಕು ತನ್ನ ಪಾಡಿಗೆ ತಾನು ಹರಡುತ್ತಲೇ ಇರುತ್ತದೆ. ಅಲ್ಲಿ ಬೇಕಾದದ್ದು ರೂಟ್ ಕೆನಾಲ್ ಚಿಕಿತ್ಸೆ, ಇಲ್ಲವಾದರೆ ಹಲ್ಲು ಕೀಳುವುದು. ಇವೆರಡನ್ನೂ ಭಿತ್ತಿಪತ್ರ ಮಾಡಲಾರದು.

ಉಳಿದ ಸಲಹೆಗಳಂತೂ ಸಾಕ್ಷಾತ್ ಹಾನಿಕರ. ಹಲ್ಲಿನ ಹೊರಕವಚವಾದ ಎನಾಮೆಲ್, ಬಾಯಿಯ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಕರಗತೊಡಗುತ್ತದೆ. ನಿಂಬೆರಸದ ಪಿಎಚ್ 2ರಿಂದ 3ರ ಆಸುಪಾಸಿನಲ್ಲಿರುತ್ತದೆ. ಹುಳಿಯಿಂದ ಮೆತ್ತಗಾದ ಆ ಕವಚವನ್ನು ಇದ್ದಿಲ ತರಿಯಿಂದ ತಿಕ್ಕಿದರೆ ಅದು ಸವೆಯದೆ ಇನ್ನೇನಾದೀತು? ಒಮ್ಮೆ ಹೋದ ಎನಾಮೆಲ್ ಅನ್ನು ದೇಹ ಮತ್ತೆ ಬೆಳೆಸುವುದಿಲ್ಲ. ಇದ್ದಿಲಿನ ದಂತ ಉತ್ಪನ್ನಗಳು ಸುರಕ್ಷಿತ ಅಥವಾ ಪರಿಣಾಮಕಾರಿ ಎನ್ನಲು ಸಾಕಷ್ಟು ಪುರಾವೆಯಿಲ್ಲವೆಂದು ಅಮೆರಿಕದ ದಂತವೈದ್ಯರ ಸಂಘದ ನಿಯತಕಾಲಿಕೆಯಲ್ಲಿ 2017ರಲ್ಲೇ ಪರಾಮರ್ಶೆ ಪ್ರಕಟವಾಗಿದೆ. ಇಷ್ಟೆಲ್ಲ ಬರೆಸಿದವರಿಗೆ ಫ್ಲೋರೈಡ್ ಎಂಬ ಒಂದು ಪದ ಹೊಳೆಯಲಿಲ್ಲ. ದಶಲಕ್ಷದಲ್ಲಿ 1,000ದಿಂದ 1,500 ಭಾಗ ಫ್ಲೋರೈಡ್ ಇರುವ ಟೂತ್‌ಪೇಸ್ಟ್‌ನಿಂದ ದಿನಕ್ಕೆ ಎರಡು ಬಾರಿ ಹಲ್ಲುಜ್ಜಿ ಎನ್ನುವುದಕ್ಕೆ ಒಂದು ಸಾಲು ಸಾಕಾಗುತ್ತಿತ್ತು. ಫ್ಲೋರೈಡ್ ಟೂತ್‌ಪೇಸ್ಟನ್ನು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ತನ್ನ ಅತ್ಯಗತ್ಯ ಔಷಧಗಳ ಮಾದರಿ ಪಟ್ಟಿಗೇ ಸೇರಿಸಿದೆ. ಫ್ಲೋರೈಡ್ ಕೂಡ ಕಲ್ಲು ಮಣ್ಣು ನೀರಿನಲ್ಲಿ ತಾನಾಗಿಯೇ ಇರುವಂಥದ್ದು. ‘ನೈಸರ್ಗಿಕ’ ಎಂಬ ಹಣೆಪಟ್ಟಿ ಬೇಕೇ ಬೇಕು ಎಂದಿದ್ದರೆ ಅದಕ್ಕೂ ಧಾರಾಳವಾಗಿ ಕಟ್ಟಬಹುದಿತ್ತು.

ನನ್ನ ತಂದೆಯವರು ಆ ಸಲಹೆಗಳನ್ನು ಚಾಚೂ ತಪ್ಪದೆ ಪಾಲಿಸಿದರು. ಸರ್ಕಾರದ ಮುದ್ರೆ ಇರುವ ಕಾಗದವನ್ನು ನಂಬುವ ತಲೆಮಾರು ಅವರದು. ಕೆಳದವಡೆಯ ಹಿಂಬದಿಯ ಹಲ್ಲು ನೋಯತೊಡಗಿದಾಗ ಅವರು ಮೊದಲು ಹೋದದ್ದು ಆ ಬಾಗಿಲಿಗೇ. ಅಲ್ಲಿ ಬರೆದದ್ದನ್ನು ಓದಿಕೊಂಡು ಹಿಂದಿರುಗಿದರು. ಹತ್ತಿಯ ಉಂಡೆಗೆ ಲವಂಗದೆಣ್ಣೆ ಅದ್ದಿ ಹಲ್ಲಿನ ಕುಳಿಗೆ ಇಟ್ಟುಕೊಳ್ಳುವುದು, ನೋವು ಇಳಿದರೆ ವಾಸಿಯಾಯಿತೆಂದುಕೊಳ್ಳುವುದು, ಮರಳಿ ಎದ್ದಾಗ ಮತ್ತೆ ಹತ್ತಿ, ಮತ್ತೆ ಎಣ್ಣೆ. ಅವರಿಗೆ ಮಧುಮೇಹವೂ ಇದೆ. ಅದೇ ಆಸ್ಪತ್ರೆಯ ಅದೇ ಹಜಾರದಲ್ಲಿ, ಬೀಗ ಹಾಕಿದ ಆ ಕೊಠಡಿಯ ಮುಂದೆಯೇ ಹಾದುಹೋಗಿ, ಪ್ರತಿ ತಿಂಗಳೂ ರಕ್ತದ ಸಕ್ಕರೆಯನ್ನು ಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದರು. ಸಕ್ಕರೆ ಏರುತ್ತಾ ಹೋಯಿತು, ಮಾತ್ರೆಗಳು ಹೆಚ್ಚುತ್ತಾ ಹೋದವು, ಪಥ್ಯ ಮಾಡುತ್ತಿಲ್ಲವೆಂದು ಬೈಗುಳವನ್ನೂ ತಿಂದರು. ‘ಎಲ್ಲಿ, ಬಾಯಿ ತೆರೆಯಿರಿ’ ಎಂದು ಒಬ್ಬರೂ ಹೇಳಲಿಲ್ಲ. ಬಾಯಿ ನೋಡುವುದು ಪಕ್ಕದ ಕೊಠಡಿಯ ಕೆಲಸವಲ್ಲವೇ.

ಒಂದು ರಾತ್ರಿ ಅವರ ದವಡೆಯ ಅಡಿಭಾಗ ಎರಡೂ ಕಡೆ ಊದಿ ಮರದ ಹಲಗೆಯಂತೆ ಗಟ್ಟಿಯಾಯಿತು. ನಾಲಗೆ ಮೇಲೆದ್ದು ಅಂಗುಳಕ್ಕೆ ಒತ್ತಿಕೊಂಡಿತು, ನುಂಗಲಾಗದ ಜೊಲ್ಲು ತುಟಿಯಂಚಿನಿಂದ ಇಳಿಯುತ್ತಿತ್ತು, ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಅವರು ಎರಡೂ ಕೈಗಳನ್ನು ಮಂಚದ ಅಂಚಿಗೆ ಊರಿ ಮುಂದಕ್ಕೆ ಬಾಗಿ ಕುಳಿತೇ ಇದ್ದರು. ಹಲ್ಲಿನ ಸೋಂಕು ಬಾಯಿಯ ತಳಕ್ಕೆ ಹರಡಿ ಉಸಿರಿನ ದಾರಿಯನ್ನೇ ಮುಚ್ಚುವ ಈ ಸ್ಥಿತಿಯನ್ನು ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲೇ ವಿವರಿಸಿದ್ದರಿಂದ ಅದಕ್ಕೆ ಇಂದಿಗೂ ಲುಡ್ವಿಗ್ಸ್ ಆಂಜೈನಾ ಎಂದೇ ಹೆಸರು. ಸಕ್ಕರೆ ಹತೋಟಿಯಲ್ಲಿಲ್ಲದವರಲ್ಲಿ ಅದರ ಅಪಾಯ ಇನ್ನೂ ಹೆಚ್ಚು. ದೂರದ ದೊಡ್ಡ ಆಸ್ಪತ್ರೆಯಲ್ಲಿ ಅವರ ಕತ್ತಿಗೆ ರಂಧ್ರ ಮಾಡಿ ಉಸಿರಾಟಕ್ಕೆ ನಳಿಕೆ ಇಟ್ಟರು, ದವಡೆಯ ಕೆಳಗೆ ಕೊಯ್ದು ಕೀವು ತೆಗೆದರು, ಎಲ್ಲಕ್ಕೂ ಮೂಲವಾದ ಹಲ್ಲನ್ನು ಕೊನೆಗೆ ಕಿತ್ತರು. ಆರಂಭದಲ್ಲಿ ಆ ಹಲ್ಲನ್ನು ಕೀಳಲು ಒಂದು ಚುಚ್ಚುಮದ್ದು, ಒಂದು ಇಕ್ಕಳ ಮತ್ತು ಒಬ್ಬ ದಂತವೈದ್ಯರು ಸಾಕಾಗುತ್ತಿತ್ತು. ‘ಇಷ್ಟು ದಿನ ಯಾವ ದಂತವೈದ್ಯರಿಗೂ ತೋರಿಸಲಿಲ್ಲವೇ?’ ಎಂದು ಅಲ್ಲಿನ ವೈದ್ಯರು ನನ್ನನ್ನು ಗದರಿದರು. ಆ ಪ್ರಶ್ನೆಯನ್ನು ತಮ್ಮ ವಿಳಾಸಕ್ಕೆ ವರ್ಗಾಯಿಸುತ್ತಿದ್ದೇನೆ. ದಂತವೈದ್ಯರನ್ನು ನೇಮಿಸಿ, ಸ್ವಾಮಿ.

ಬಾಯಿಯ ರೋಗ ಬಾಯಲ್ಲೇ ಉಳಿಯುವುದಿಲ್ಲ ಎಂಬುದನ್ನು ತಮ್ಮ ಇಲಾಖೆಯ ವೈದ್ಯರೇ ತಮಗೆ ಹೇಳಬಲ್ಲರು. ಹಲ್ಲಿನ ಬುಡದಲ್ಲಿ ಕೂತ ಪಾಚಿ ಗಟ್ಟಿಯಾಗಿ ಕಿಟ್ಟವಾದ ಮೇಲೆ ಬ್ರಷ್‌ನಿಂದ ಹೋಗುವುದಿಲ್ಲ. ಅದನ್ನು ದಂತವೈದ್ಯರೇ ಕೆರೆದು ತೆಗೆಯಬೇಕು. ತೆಗೆಯದಿದ್ದರೆ ವಸಡು ಬಾತು, ಹಲ್ಲನ್ನು ಹಿಡಿದ ಮೂಳೆ ಕರಗುತ್ತದೆ. ಈ ಉರಿಯೂತ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತದೆ, ಏರಿದ ಸಕ್ಕರೆ ತಿರುಗಿ ವಸಡನ್ನು ಇನ್ನಷ್ಟು ಕೆಡಿಸುತ್ತದೆ. ವಸಡಿನ ರೋಗಕ್ಕೆ ಚಿಕಿತ್ಸೆ ಪಡೆದ ಮಧುಮೇಹಿಗಳಲ್ಲಿ, ಮೂರ್ನಾಲ್ಕು ತಿಂಗಳಲ್ಲಿ, ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಶೇಕಡಾವಾರಿನಲ್ಲಿ ತೋರಿಸುವ ರಕ್ತಪರೀಕ್ಷೆ) ಸರಾಸರಿ 0.4 ಶೇಕಡಾವಾರು ಅಂಶದಷ್ಟು ಇಳಿದದ್ದು ಅಧ್ಯಯನಗಳ ಕ್ರೋಢೀಕೃತ ಪರಾಮರ್ಶೆಗಳಲ್ಲಿ ಕಂಡುಬಂದಿದೆ. ತಂದೆಯವರ ಸಕ್ಕರೆಯೂ ಬಾಯಿ ಶುದ್ಧವಾದ ಮೇಲೆಯೇ ಇಳಿಯತೊಡಗಿತು. ಮೊದಲೇ ಹೃದಯದ ಕವಾಟದ ತೊಂದರೆ ಇರುವವರಲ್ಲಿ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕಿಳಿದು ಹೃದಯದ ಒಳಪದರಕ್ಕೆ ಸೋಂಕು ತಗಲಿಸಬಹುದು. ಹಾಸಿಗೆ ಹಿಡಿದ ವೃದ್ಧರಲ್ಲಿ ಅದೇ ಬ್ಯಾಕ್ಟೀರಿಯಾ ಇರುವ ಜೊಲ್ಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಹುದು. ವಸಡಿನ ರೋಗವೇ ಹೃದಯಾಘಾತಕ್ಕೆ ಕಾರಣವೆಂದು ನಾನು ವಾದಿಸುತ್ತಿಲ್ಲ, ಅವೆರಡೂ ಒಟ್ಟಿಗೆ ಕಾಣಿಸಿಕೊಳ್ಳುವುದು ಸಾಮಾನ್ಯ ಎನ್ನುವಷ್ಟಕ್ಕೇ ಪುರಾವೆ ನಿಲ್ಲುತ್ತದೆ. ಉತ್ಪ್ರೇಕ್ಷೆಯ ಅಗತ್ಯ ನನಗಿಲ್ಲ, ಸತ್ಯವೇ ಸಾಕಷ್ಟು ಕೆಟ್ಟದಾಗಿದೆ.

ಜಗತ್ತಿನಲ್ಲಿ ಸುಮಾರು 350 ಕೋಟಿ ಜನ ಬಾಯಿಯ ರೋಗಗಳಿಂದ ಬಳಲುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿತು. ಅದಕ್ಕೂ ಹಿಂದಿನ ವರ್ಷದ ಮೇ ತಿಂಗಳಿನಲ್ಲೇ ಆ ಸಂಸ್ಥೆಯ ಸದಸ್ಯ ರಾಷ್ಟ್ರಗಳು ಸೇರುವ ವಿಶ್ವ ಆರೋಗ್ಯ ಸಭೆಯು ಬಾಯಿಯ ಆರೋಗ್ಯದ ಕುರಿತು ನಿರ್ಣಯ ಅಂಗೀಕರಿಸಿತ್ತು. 2030ರೊಳಗೆ ಶೇ 80ರಷ್ಟು ಜನರಿಗೆ ಅಗತ್ಯ ದಂತಸೇವೆಯ ಹಕ್ಕು ಸಿಗಬೇಕೆಂಬ ಗುರಿಯೂ ನಿಗದಿಯಾಗಿದೆ. ಇವೆಲ್ಲ ತಮ್ಮ ಮೇಜಿನ ಮೇಲೆ ಹಾದುಹೋಗಿರಬೇಕು. ಸಹಿಯೂ ಬಿದ್ದಿರಬಹುದು.

ನಾನು ಇಷ್ಟು ಕಾಲ ಅರ್ಜಿಗಳಲ್ಲೇ ತೃಪ್ತನಾಗಿದ್ದವನು ಬಹಿರಂಗವಾಗಿ ಬರೆಯುವಂತಾದದ್ದು ಇತ್ತೀಚೆಗೆ ಬಂದ ಒಂದು ಉತ್ತರದಿಂದ. ‘ಸದರಿ ವಿಭಾಗದಲ್ಲಿ ಭಿತ್ತಿಪತ್ರದ ಮೂಲಕ ದಂತ ಆರೋಗ್ಯ ಸೇವೆಯನ್ನು ಒದಗಿಸಲಾಗುತ್ತಿದ್ದು, ದೂರನ್ನು ಮುಕ್ತಾಯಗೊಳಿಸಲಾಗಿದೆ’ ಎಂದು ಅದರಲ್ಲಿ ಬರೆದಿದೆ. ಕತ್ತಿನಲ್ಲಿ ನಳಿಕೆಯ ಗಾಯದ ಕಲೆ ಹೊತ್ತ ತಂದೆಯವರು ಅದನ್ನು ಓದಿ ಕಾಗದವನ್ನು ನನ್ನ ಕೈಗೆ ಮರಳಿಸಿದರು, ಏನೂ ಹೇಳಲಿಲ್ಲ. ಹೇಳಬೇಕಾದದ್ದನ್ನು ನಾನೇ ಹೇಳುತ್ತೇನೆ. ಸೇವೆ ಒದಗಿಸುವ ಶಕ್ತಿ ಆ ಕಾಗದಕ್ಕೆ ಅಷ್ಟಿದ್ದರೆ, ತಾವೂ ತಮ್ಮ ಕುಟುಂಬದವರೂ ಹಲ್ಲುನೋವು ಬಂದಾಗ ಖಾಸಗಿ ಚಿಕಿತ್ಸಾಲಯದ ಬದಲು ಅದರ ಮುಂದೆ ಬಂದು ನಿಲ್ಲಬಹುದು. ಸರತಿ ಸಾಲು ಉದ್ದವಿರುವುದಿಲ್ಲ.

ಮಾತು ಬಿರುಸಾಗಿದ್ದರೆ ಅದಕ್ಕೆ ಬಂದ ಉತ್ತರವೇ ಕಾರಣ. ದಂತವೈದ್ಯರ ಹುದ್ದೆಯನ್ನು ಭರ್ತಿ ಮಾಡಿ. ನೇಮಕಾತಿ ತಡವಾಗುವುದಾದರೆ ವಾರಕ್ಕೆ ಕೆಲವು ದಿನಗಳಿಗಾದರೂ ಬೇರೆಡೆಯಿಂದ ನಿಯೋಜಿಸಿ. ಮಧುಮೇಹಿಗಳ ತಪಾಸಣೆಗೆ ಬಾಯಿಯ ಪರೀಕ್ಷೆಯನ್ನೂ ಸೇರಿಸಿ. ಅದಕ್ಕೆ ಬೇಕಾದದ್ದು ಒಂದು ದೀಪ, ಒಂದು ಪುಟ್ಟ ಕನ್ನಡಿ ಮತ್ತು ಎರಡು ನಿಮಿಷ. ನಿಂಬೆ ಮತ್ತು ಇದ್ದಿಲ ಸಲಹೆಯನ್ನು ಇಂದೇ ಕಿತ್ತುಹಾಕಿಸಿ, ಅದಕ್ಕೆ ಯಾವ ಕಡತದ ಅಗತ್ಯವೂ ಇಲ್ಲ. ಮತ್ತೆ ಹೇಳುತ್ತೇನೆ, ದಂತವೈದ್ಯರನ್ನು ನೇಮಿಸಿ. ಇದಕ್ಕೆ ಉತ್ತರವಾಗಿ ನನಗೆ ಮತ್ತೊಂದು ಸ್ವೀಕೃತಿ ಬೇಡ. ನೇಮಕಾತಿ ಆದೇಶದ ಪ್ರತಿ, ಅವರು ಕೆಲಸಕ್ಕೆ ಹಾಜರಾಗುವ ದಿನಾಂಕದ ಸಮೇತ, ಆ ಆಸ್ಪತ್ರೆಯ ಸೂಚನಾ ಫಲಕದಲ್ಲಿ ಕಾಣಲಿ.

ಇಂತಿ,
ತಮ್ಮ ಇಲಾಖೆಯ ಸೇವೆಗಾಗಿ ಇನ್ನೂ ಕಾಯುತ್ತಿರುವ ಒಬ್ಬ ನಾಗರಿಕ