ಒಂದೇ ಒಂದು ಎಟಿಪಿ ಪಾಯಿಂಟ್, ಥ್ಯಾಂಕ್ಸ್ ಮಾತ್ರ ಇಷ್ಟುದ್ದ

ಈ ಸೋಮವಾರ ಬಂದ ಎಟಿಪಿ ರ್ಯಾಂಕಿಂಗ್ ಪಟ್ಟಿಯಲ್ಲಿ, ಅಂದರೆ ಪುರುಷರ ವೃತ್ತಿಪರ ಟೆನಿಸ್‌ನ ವಿಶ್ವ ಪಟ್ಟಿಯಲ್ಲಿ, ನನ್ನ ಹೆಸರಿದೆ. ತುಂಬಾ ಕೆಳಗಿದೆ, ಸಾವಿರದ ಐನೂರರಿಂದಲೂ ಆಚೆ, ಹುಡುಕೋಕೆ ಸ್ವಲ್ಪ ತಾಳ್ಮೆ ಬೇಕು. ಹೆಸರಿನ ಪಕ್ಕ ಪಾಯಿಂಟ್ ಅಂತ ಇರುವ ಕಡೆ 1 ಅಂತ ಇದೆ. ಆವತ್ತಿನಿಂದ ಫೋನ್ ಸುಮ್ಮನೆ ಕೂತಿಲ್ಲ. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯೋಕೆ ಆಗ್ತಿಲ್ಲ, ಅದಕ್ಕೆ ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ನಾನು ಟೂರ್ನಿ ಗೆದ್ದೆ ಅಂತ ಹಾಕಿದ್ದಾರೆ. ಗೆದ್ದಿಲ್ಲ ಸ್ವಾಮಿ. ಟುನೀಷಿಯಾದ ಮೊನಾಸ್ಟಿರ್ ಎಂಬ ಊರಲ್ಲಿ ನಡೆದ ಎಂ15 ಟೂರ್ನಿಯಲ್ಲಿ ಮೇನ್ ಡ್ರಾದ (ಮುಖ್ಯ ಸುತ್ತುಗಳ) ಒಂದು ಮ್ಯಾಚ್ ಗೆದ್ದೆ, ಅಷ್ಟೇ. ಅದೂ ನೇರವಾಗಿ ಅಲ್ಲ. ಕ್ವಾಲಿಫೈಯಿಂಗ್‌ನ (ಮೇನ್ ಡ್ರಾಗೆ ಸೇರೋಕೆ ಮೊದಲು ಆಡುವ ಅರ್ಹತಾ ಪಂದ್ಯಗಳ) ಕೊನೆಯ ಸುತ್ತಿನಲ್ಲಿ ಸೋತು ಬ್ಯಾಗ್ ಕಟ್ಟುತ್ತಿದ್ದೆ. ಮೇನ್ ಡ್ರಾದಲ್ಲಿದ್ದ ಹುಡುಗನೊಬ್ಬ ಜ್ವರ ಅಂತ ಹಿಂದೆ ಸರಿದ, ಲಕ್ಕಿ ಲೂಸರ್ ಆಗಿ ನಾನು ಒಳಗೆ ಹೋದೆ. ಎದುರಾಳಿ ಮೂರನೇ ಸೆಟ್‌ನಲ್ಲಿ 4-2 ಇರುವಾಗ ತೊಡೆ ಹಿಡಿದುಕೊಂಡು ಕೂತ, ಆಟ ಬಿಟ್ಟುಕೊಟ್ಟ. ಆ 4 ನಂದು, 2 ಅವನದು, ಇದನ್ನು ಮಾತ್ರ ದಯವಿಟ್ಟು ನೆನಪಿಟ್ಟುಕೊಳ್ಳಿ. ಎರಡನೇ ಸುತ್ತಿನಲ್ಲಿ ಬೇಗನೇ ಸೋತೆ. ಆ ಬಗ್ಗೆ ಹೇಳೋದಕ್ಕೆ ಏನೂ ಇಲ್ಲ.

ಇದಕ್ಕೆ ಇಷ್ಟೊಂದು ಸಂಭ್ರಮ ಯಾಕೆ ಅಂತ ನನ್ನ ಸೋದರಮಾವ ಕೇಳಿದರು. ನ್ಯಾಯವಾದ ಪ್ರಶ್ನೆ. ಎಂ15 ಅಂದರೆ ವೃತ್ತಿಪರ ಟೆನಿಸ್‌ನ ಕೊನೆಯ ಮೆಟ್ಟಿಲು, ಇಡೀ ಟೂರ್ನಿಗೆ ಸೇರಿಸಿ ಬಹುಮಾನ 15,000 ಡಾಲರ್. ಸಿಂಗಲ್ಸ್ ಗೆದ್ದವನಿಗೆ 15 ಪಾಯಿಂಟ್, ಮೊದಲ ಸುತ್ತು ದಾಟಿದವನಿಗೆ 1. ಮೊದಲ ಸುತ್ತಿನಲ್ಲೇ ಸೋತವನಿಗೆ ಪಾಯಿಂಟ್ ಇಲ್ಲ, 156 ಡಾಲರ್ ಸಿಗುತ್ತದೆ, ಅದೂ ತೆರಿಗೆ ಹಿಡಿಯುವ ಮುಂಚೆ. ಕ್ವಾಲಿಫೈಯಿಂಗ್‌ನಲ್ಲಿ ಸೋತವನಿಗೆ ಒಂದು ಪೈಸೆಯೂ ಇಲ್ಲ. ವಿಮಾನ, ರೂಮು, ಊಟ, ಗಟ್ಟಿಂಗ್ (ರ್ಯಾಕೆಟ್‌ಗೆ ತಂತಿ ಹಾಕಿಸೋದು) ಎಲ್ಲಾ ನಮ್ಮದೇ ಖರ್ಚು. ಗಳಿಸಿದ ಪಾಯಿಂಟ್ ಕೂಡ ಶಾಶ್ವತ ಅಲ್ಲ, 52 ವಾರ ಆದಮೇಲೆ ತಾನಾಗಿ ಬಿದ್ದುಹೋಗುತ್ತದೆ. ಗೆದ್ದ ತಕ್ಷಣ ಪಟ್ಟಿಗೆ ಸೇರುವುದೂ ಇಲ್ಲ, ಎರಡನೇ ಸೋಮವಾರದ ತನಕ ಕಾಯಬೇಕು. ಮಧ್ಯದಲ್ಲಿ ಸಿಕ್ಕವರೆಲ್ಲಾ 'ಎಲ್ಲಿದೆಯಪ್ಪಾ, ನಿನ್ನ ಹೆಸರೇ ಇಲ್ವಲ್ಲ' ಅಂತ ಕೇಳಿದ್ದು ಅದಕ್ಕೇ.

ನನ್ನ ಜೂನಿಯರ್ ದಿನಗಳಲ್ಲಿ ಇದ್ಯಾವುದೂ ಗೊತ್ತಿರಲಿಲ್ಲ. ಅಂಡರ್ 14, ಅಂಡರ್ 16ನಲ್ಲಿ ಗೆಲ್ಲುತ್ತಿದ್ದೆ, ಪೇಪರ್‌ನಲ್ಲಿ ಫೋಟೊ ಬರುತ್ತಿತ್ತು, ಆಮೇಲೆ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ (ಐಟಿಎಫ್) ಜೂನಿಯರ್ ಟೂರ್ನಿಗಳ ಕೆಳಗಿನ ಮೆಟ್ಟಿಲಾದ ಜೆ30 ಮಟ್ಟದ ಪ್ರಶಸ್ತಿಯೂ ಬಂತು. 2017ರಲ್ಲಿ ಕಬ್ಬನ್ ಪಾರ್ಕ್‌ನ ಕೆಎಸ್‌ಎಲ್‌ಟಿಎ (ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆ) ಕೋರ್ಟ್‌ನಲ್ಲಿ ಸುಮಿತ್ ನಗಾಲ್ ಎಂ15ಗಿಂತ ಮೇಲಿನ ಮಟ್ಟದ ಬೆಂಗಳೂರು ಚಾಲೆಂಜರ್ ಟೂರ್ನಿ ಗೆದ್ದಾಗ ನಾನು ಅಪ್ಪನ ಜೊತೆ ಹೋಗಿ ನೋಡಿದ್ದೆ. ನಗಾಲ್ 2015ರಲ್ಲಿ ವಿಂಬಲ್ಡನ್ ಬಾಲಕರ ಡಬಲ್ಸ್ ಗೆದ್ದವರು. ಎರಡೇ ವರ್ಷದಲ್ಲಿ ಜೂನಿಯರ್‌ನಿಂದ ಇಲ್ಲಿಗೆ ಬಂದುಬಿಡಬಹುದು ಅಂತ ಮೈಸೂರಿಗೆ ವಾಪಸ್ ಬರುವ ರೈಲಿನಲ್ಲಿ ನಾವಿಬ್ಬರೂ ಲೆಕ್ಕ ಹಾಕಿದ್ದೆವು. ಅದೇ ನಗಾಲ್ 2023ರಲ್ಲಿ, ದೇಶದ ನಂಬರ್ ಒನ್ ಆಗಿರುವಾಗ, ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು 900 ಯೂರೋ ಅಂತ ಹೇಳಿದರು. ಅಪ್ಪ ಆ ಸುದ್ದಿಯನ್ನು ಎರಡು ಸಲ ಓದಿ, ಪೇಪರ್ ಮಡಚಿಟ್ಟು, 'ನಂಬರ್ ಒನ್‌ಗೇ ಹೀಗಾ?' ಅಂದರು. ಅವರು ಆವತ್ತು ನನ್ನನ್ನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಬದಲಿಗೆ ಸ್ವಲ್ಪ ದಿನ ಆದಮೇಲೆ ಶ್ರೀರಂಗಪಟ್ಟಣದ ಕಡೆ ಇದ್ದ ಸೈಟ್ ಮಾರಿದರು. ಅಪ್ಪಾ, ಇದನ್ನು ಬರೆಯಬೇಡ ಅಂದಿದ್ರಿ. ಬರೆದಾಯ್ತು.

ಜೂನಿಯರ್ ರ್ಯಾಂಕಿಂಗ್ ಪಿಯುಸಿ ಮಾರ್ಕ್ಸ್ ಕಾರ್ಡ್ ಇದ್ದ ಹಾಗೆ, ಒಳಗೆ ಸೇರಿಸಿಕೊಳ್ಳೋವರೆಗೆ ಕೇಳ್ತಾರೆ, ಆಮೇಲೆ ಯಾರೂ ನೋಡಲ್ಲ. ಜೂನಿಯರ್‌ನಲ್ಲಿ ಜಗತ್ತಿನ ಮೊದಲ ನೂರರೊಳಗೆ ಇದ್ದರೆ ಎಂ15 ಮೇನ್ ಡ್ರಾದಲ್ಲಿ ಮೀಸಲು ಜಾಗ ಸಿಗುವ ಅವಕಾಶ ಇದೆ. ನಾನು ಆ ನೂರರೊಳಗೆ ಯಾವತ್ತೂ ಬಂದವನಲ್ಲ. ಹಾಗಾಗಿ ಹದಿನೆಂಟು ತುಂಬಿದ ವರ್ಷ ಮುಗಿದದ್ದೇ ಕ್ವಾಲಿಫೈಯಿಂಗ್ ಸಾಲಿನ ಕೊನೆಯಲ್ಲಿ ನಿಲ್ಲಬೇಕಾಯಿತು. ಅಲ್ಲಿ ಎದುರಿಗೆ ಬರುವವರು ಇಪ್ಪತ್ತಾರು, ಇಪ್ಪತ್ತೆಂಟು ವಯಸ್ಸಿನವರು, ಕೆಲವರು ಹಿಂದೆ ಮುನ್ನೂರನೇ ರ್ಯಾಂಕ್‌ವರೆಗೆ ಹೋಗಿ ಗಾಯ ಮಾಡಿಕೊಂಡು ಮತ್ತೆ ಕೆಳಗಿಂದ ಶುರು ಮಾಡಿದವರು. ಜೂನಿಯರ್‌ನಲ್ಲಿ ನಾನು ಮೂರು ಚೆಂಡು ಜೋರಾಗಿ ಹೊಡೆದರೆ ನಾಲ್ಕನೆಯದು ವಾಪಸ್ ಬರುತ್ತಿರಲಿಲ್ಲ. ಇವರು ಎಂಟನೆಯದನ್ನೂ ವಾಪಸ್ ಹಾಕುತ್ತಾರೆ, ಮುಖದಲ್ಲಿ ಏನೂ ಕಾಣಿಸಲ್ಲ. ಮೂರನೇ ಸೆಟ್ ಇರುವುದೂ ಇಲ್ಲ, ಕ್ವಾಲಿಫೈಯಿಂಗ್‌ನಲ್ಲಿ ಅದರ ಬದಲು ಹತ್ತು ಪಾಯಿಂಟ್‌ನ ಟೈಬ್ರೇಕರ್. ಎರಡು ಡಬಲ್ ಫಾಲ್ಟ್ ಆದರೆ ವಾರವೇ ಮುಗೀತು. ಎಷ್ಟೋ ಸಲ ಅಂಪೈರ್ ಕೂಡ ಇರಲ್ಲ, ಲೈನ್ ನಾವೇ ನೋಡಿ ಹೇಳಬೇಕು. ಅಲ್ಲಿ ಜಗಳ ಆಡೋದೂ ಒಂದು ವಿದ್ಯೆ.

ಇಂಥ ಹೊತ್ತಲ್ಲಿ ಸ್ಪಾನ್ಸರ್ ಮಾಡ್ತೀವಿ ಅಂತ ಹೇಳಿದ್ದ ಕಂಪನಿಯೊಂದು ಫೋನ್ ಎತ್ತುವುದನ್ನು ನಿಲ್ಲಿಸಿತು. ಬೆನ್ನಿನ ಕೆಳಭಾಗದಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ (ಒತ್ತಡ ಬಿದ್ದು ಬಿದ್ದು ಮೂಳೆಯಲ್ಲಿ ಬರುವ ಸಣ್ಣ ಬಿರುಕು) ಆಯಿತು. ಸರ್ವ್ ಮಾಡುವಾಗ ಬೆನ್ನು ಬಗ್ಗಿಸಿ ತಿರುಗಿಸುವ ಎಳೆಯ ಹುಡುಗರಿಗೆ ಇದು ಬರುವುದು ಮಾಮೂಲಿ ಅಂತೆ. ತಿಂಗಳುಗಟ್ಟಲೆ ರ್ಯಾಕೆಟ್ ಮುಟ್ಟಲಿಲ್ಲ. ಪೇಪರ್‌ನವರು, ಶಾಲು ಹೊದಿಸಿದ್ದವರು, ಯಾರೂ ಇರಲಿಲ್ಲ. ಅವರ ಮೇಲೆ ಸಿಟ್ಟಿಲ್ಲ, ಸೋಲನ್ನು ಯಾರು ಬರೆದುಕೊಳ್ತಾರೆ ಹೇಳಿ? ಆದರೆ ಆಗಲೂ ಇದ್ದವರ ಹೆಸರು ಎಟಿಪಿ ಪಟ್ಟಿಯಲ್ಲಿ ಬರಲ್ಲವಲ್ಲ. ಅದಕ್ಕೇ ಈ ಬರಹ.

ಮೊದಲು ನಮ್ಮ ಕ್ಲಬ್‌ನ ಮಾರ್ಕರ್ ಅಣ್ಣ. ಟೆನಿಸ್ ಗೊತ್ತಿಲ್ಲದವರಿಗೆ ಹೇಳ್ತೀನಿ, ಮಾರ್ಕರ್ ಅಂದರೆ ಕ್ಲಬ್‌ನಲ್ಲಿ ಮೆಂಬರ್‌ಗಳ ಜೊತೆ ಆಡುವ ಕೆಲಸದವರು. ಜೊತೆಗೆ ಯಾರೂ ಸಿಗದಿದ್ದರೆ ಅವರು ಎದುರಿಗೆ ನಿಲ್ಲುತ್ತಾರೆ, ಕೋರ್ಟ್‌ಗೆ ನೀರು ಹಾಕಿಸುತ್ತಾರೆ, ನೆಟ್ ಬಿಗಿ ಮಾಡುತ್ತಾರೆ. ಅಣ್ಣ ಹುಡುಗನಾಗಿದ್ದಾಗ ಅಲ್ಲೇ ಬಾಲ್ ಬಾಯ್ ಆಗಿ ಸೇರಿದವರು. ಒಂದು ಟೂರ್ನಿಯನ್ನೂ ಆಡಿದವರಲ್ಲ. ಹಳೇ ಕಾಲದ ಹಿಡಿತ, ಎಲ್ಲಾ ಚೆಂಡಿಗೂ ಸ್ಲೈಸ್, ಅಂದರೆ ಚೆಂಡಿನ ಕೆಳಗೆ ಕೊಯ್ದ ಹಾಗೆ ಹೊಡೆಯೋದು. ಬೆನ್ನು ವಾಸಿಯಾದ ಮೇಲೆ ಬೆಳಗ್ಗೆ ಮೆಂಬರ್‌ಗಳು ಬರುವ ಮುಂಚೆ ನನಗೋಸ್ಕರ ಕೋರ್ಟ್ ತೆಗೆಯುತ್ತಿದ್ದರು. ನಾನು ಎಷ್ಟು ಜೋರಾಗಿ ಹೊಡೆದರೂ ಆ ಹಾಳು ಸ್ಲೈಸ್ ಮೊಣಕಾಲಿನ ಕೆಳಗೆ ಜಾರಿಕೊಂಡು ವಾಪಸ್ ಬರುತ್ತಿತ್ತು. ಸಿಟ್ಟು ಬರುತ್ತಿತ್ತು, ಟಾಪ್ ಸ್ಪಿನ್ ಹೊಡೀರಿ ಅಣ್ಣಾ ಅಂದರೆ 'ನಂಗೆ ಬರೋದು ಇದೇ, ಬಗ್ಗಿ ಆಡು' ಅನ್ನುತ್ತಿದ್ದರು. ಮೊನಾಸ್ಟಿರ್‌ನಲ್ಲಿ ಆ ಮೊದಲ ಸುತ್ತಿನ ಎದುರಾಳಿ ಇದ್ದನಲ್ಲ, ಬ್ಯಾಕ್‌ಹ್ಯಾಂಡ್ ಕಡೆ ಬರೀ ಸ್ಲೈಸ್. ಬೇರೆಯವರೆಲ್ಲಾ ಅವನ ಹತ್ತಿರ ಒದ್ದಾಡುತ್ತಿದ್ದರು. ನನಗೆ ಮನೆಗೆ ಬಂದ ಹಾಗಾಯ್ತು. ಆ 4-2ರಲ್ಲಿ ಎರಡು ಗೇಮಾದರೂ ಅಣ್ಣಂದು.

ಆಮೇಲೆ ಅಕ್ಕ. ಟೂರ್ನಿ ಶುರುವಾಗುವ ಸೋಮವಾರಕ್ಕೆ 18 ದಿನ ಮುಂಚೆ, ಗುರುವಾರ, ನಮ್ಮ ಸಮಯ ಸಂಜೆ 7:30ಕ್ಕೆ ಎಂಟ್ರಿ (ಹೆಸರು ಕೊಡೋದು) ಮುಚ್ಚುತ್ತದೆ. ನಾನು ಬಸ್ಸಲ್ಲೋ ಕೋರ್ಟ್‌ನಲ್ಲೋ ಇರುತ್ತೇನೆ, ಆದ್ದರಿಂದ ಈ ಕೆಲಸ ಅಕ್ಕಂದು. ಅವಳ ಫೋನಿನಲ್ಲಿ ಪ್ರತಿ ಗುರುವಾರಕ್ಕೂ ಅಲಾರಂ ಇದೆ. ಹೆಸರು ವಾಪಸ್ ತೆಗೆಯೋಕೆ ಮಂಗಳವಾರ ಕೊನೆ, ಅದಕ್ಕೆ ಇನ್ನೊಂದು ಅಲಾರಂ. ಅವಳಿಗೆ ಮದುವೆ ಮಾತುಕತೆಗೆ ಗಂಡಿನ ಕಡೆಯವರು ಬಂದಿದ್ದ ದಿನ ಗುರುವಾರವೇ ಆಗಿತ್ತು. ಕಾಫಿ ಲೋಟ ಕೊಟ್ಟು ಒಳಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲವಂತೆ. ಒಳಗೆ ಕೂತು ನನ್ನ ಆಲ್ಟರ್ನೇಟ್ ನಂಬರ್ (ಜಾಗಕ್ಕೆ ಕಾಯುವವರ ಪಟ್ಟಿಯಲ್ಲಿ ಎಷ್ಟನೆಯವನು ಅಂತ) ನೋಡಿ, ಯಾವ ದೇಶದಲ್ಲಿ ಕ್ವಾಲಿಫೈಯಿಂಗ್ ಒಳಗೆ ಹೋಗುವ ಸಾಧ್ಯತೆ ಜಾಸ್ತಿ ಅಂತ ಲೆಕ್ಕ ಹಾಕುತ್ತಿದ್ದಳು. ಮೊನಾಸ್ಟಿರ್‌ಗೆ ಹೋಗು, ಅಲ್ಲಿ ವಾರ ವಾರವೂ ಟೂರ್ನಿ ಇರುತ್ತೆ, ಒಂದರಲ್ಲಿ ಸೋತರೆ ಅಲ್ಲೇ ಇದ್ದು ಮುಂದಿನದು ಆಡು, ವಿಮಾನದ ದುಡ್ಡು ಒಂದೇ ಸಲ ಅಂತ ಹೇಳಿದ್ದು ಅವಳೇ. ಅಂದಹಾಗೆ ಆ ಗಂಡಿನ ಕಡೆಯವರು ಒಪ್ಪಿದರು, ಈಗ ಭಾವ ಕೂಡ ಎಂಟ್ರಿ ಪಟ್ಟಿ ಓದುತ್ತಾರೆ.

ಬೆಂಗಳೂರಿನ ಗಟ್ಟಿಂಗ್ ಅಣ್ಣನಿಗೆ ಥ್ಯಾಂಕ್ಸ್. 200 ಮೀಟರ್ ರೋಲ್‌ನಲ್ಲಿ ಸುಮಾರು 16 ರ್ಯಾಕೆಟ್‌ಗೆ ಗಟ್ ಹಾಕಬಹುದು. ಅವರು ಕೊನೆಯ ಚೂರನ್ನೂ ಬಿಡದೆ ಹದಿನೇಳು ಮಾಡಿಕೊಡುತ್ತಿದ್ದರು. ರ್ಯಾಕೆಟ್‌ಗಳನ್ನು ಸಂಜೆ ಬಸ್ ಪಾರ್ಸೆಲ್‌ಗೆ ಹಾಕಿದರೆ ರಾತ್ರಿ ಮೈಸೂರಿನಲ್ಲಿ ನನ್ನ ಕೈಲಿ ಇರುತ್ತಿದ್ದವು. ದುಡ್ಡು ಆಮೇಲೆ ಕೊಡು ಅನ್ನುತ್ತಿದ್ದರು.

ಕೋಚ್ ಸರ್‌ಗೆ, ನನ್ನ ಎರಡನೇ ಸರ್ವ್ ಅನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದ್ದಕ್ಕೆ. ಫಿಸಿಯೋ ಮೇಡಂಗೆ, 'ಇನ್ನೊಂದು ವಾರ' ಅಂತ ಪ್ರತಿ ವಾರವೂ ಹೇಳಿ ನನ್ನನ್ನು ಅವಸರ ಮಾಡಲು ಬಿಡದಿದ್ದಕ್ಕೆ. ಬೆಳಗಿನ ಡಬಲ್ಸ್ ಆಡುವ ಹಿರಿಯ ಮೆಂಬರ್‌ಗಳಿಗೆ, ಕೇಳದೇನೇ ದುಡ್ಡು ಸೇರಿಸಿ ಟಿಕೆಟ್‌ಗೆ ಕೊಟ್ಟಿದ್ದಕ್ಕೆ. ಮೊನಾಸ್ಟಿರ್‌ನಲ್ಲಿ ರೂಮ್ ಹಂಚಿಕೊಂಡ ಕಝಾಕಿಸ್ತಾನದ ಹುಡುಗ ಕನ್ನಡ ಓದಲ್ಲ, ಆದರೂ ಅವನಿಗೂ. ಅಮ್ಮ ಕಳಿಸಿದ ಚಟ್ನಿಪುಡಿಯನ್ನು ಅರ್ಧ ಖಾಲಿ ಮಾಡಿದವನು ಅವನೇ.

ನನ್ನ ಜೂನಿಯರ್ ಡಬಲ್ಸ್ ಜೊತೆಗಾರ ಅಮೆರಿಕದ ಕಾಲೇಜಿಗೆ ಸ್ಕಾಲರ್‌ಶಿಪ್ ಮೇಲೆ ಹೋದ. ನೀನೂ ಬಾ ಅಂದ. ಅದೂ ಒಳ್ಳೇ ದಾರಿಯೇ, ಸೋಮ್‌ದೇವ್ ದೇವ್‌ವರ್ಮನ್ ವರ್ಜೀನಿಯಾದಲ್ಲಿ ಓದುತ್ತಾ 2007 ಮತ್ತು 2008ರಲ್ಲಿ ಎನ್‌ಸಿಎಎ (ಅಮೆರಿಕದ ಕಾಲೇಜು ಆಟಗಾರರ ಚಾಂಪಿಯನ್‌ಶಿಪ್) ಸಿಂಗಲ್ಸ್ ಗೆದ್ದೇ ಮುಂದೆ ಬಂದದ್ದು. ನಾನು ಹೋಗಲಿಲ್ಲ. ಅವನು ಅದಕ್ಕೆ ಬೈಯಲಿಲ್ಲ, ಬದಲಿಗೆ ನನ್ನ ಮ್ಯಾಚ್ ವಿಡಿಯೊ ನೋಡಿ ತಪ್ಪುಗಳನ್ನು ಮಧ್ಯರಾತ್ರಿ ಕಳಿಸುತ್ತಾನೆ. ನಿನ್ನೆಯೂ ಕಳಿಸಿದ್ದಾನೆ, ಅಭಿನಂದನೆ ಒಂದು ಸಾಲು, ತಪ್ಪುಗಳು ಒಂದು ಪುಟ.

ಇನ್ನು ಅಮ್ಮ. ಬೆನ್ನು ನೋವಿನ ದಿನಗಳಲ್ಲಿ, 2024ರ ಜನವರಿಯಲ್ಲಿ, ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರಲ್ಲ, ಅಮ್ಮ ಟಿವಿ ಮುಂದೆ ಕೂತು ನನ್ನ ವಯಸ್ಸನ್ನು ಕಳೆದು, 'ನಿಂಗೆ ಇನ್ನೂ ಎಷ್ಟೊಂದು ಟೈಮಿದೆ' ಅಂದರು. ಪಕ್ಕದಲ್ಲಿದ್ದ ಅಪ್ಪನ ಮುಖ ನೋಡಬೇಕಿತ್ತು. ಅಷ್ಟು ವರ್ಷ ಖರ್ಚಿಗೆ ಎಷ್ಟು ಸೈಟ್ ಬೇಕು ಅಂತ ಲೆಕ್ಕ ಹಾಕ್ತಿದ್ದರು ಅನ್ಸುತ್ತೆ.

ಕೆಲವರು ಮುಂದೆ ಏನು ಅಂತ ಕೇಳಿದ್ದೀರಿ. ಯುಕಿ ಭಾಂಬ್ರಿ 2009ರಲ್ಲಿ ಆಸ್ಟ್ರೇಲಿಯನ್ ಓಪನ್ ಜೂನಿಯರ್ ಗೆದ್ದವರು, ಜೂನಿಯರ್ ವಿಶ್ವ ನಂಬರ್ ಒನ್. ಅಂಥವರಿಗೇ ಸಿಂಗಲ್ಸ್‌ನಲ್ಲಿ ತಮ್ಮ ಅತಿ ಎತ್ತರದ 83ನೇ ರ್ಯಾಂಕ್ ಸಿಕ್ಕಿದ್ದು 2018ರಲ್ಲಿ, ಮಧ್ಯೆ ಎಷ್ಟೊಂದು ಗಾಯಗಳು. ಹಾಗಾಗಿ ನನ್ನನ್ನು ಟಿವಿಯಲ್ಲಿ ಯಾವಾಗ ನೋಡೋದು ಅಂತ ಈಗಲೇ ಕೇಳಬೇಡಿ. ಐಟಿಎಫ್ ಲೈವ್ ಸ್ಕೋರ್‌ನಲ್ಲಿ ನೋಡಬಹುದು, ಅಕ್ಕನಿಗೆ ಕೇಳಿದರೆ ಲಿಂಕ್ ಕಳಿಸ್ತಾಳೆ. ಮುಂದಿನ ಟೂರ್ನಿಯಲ್ಲೂ ಶುರು ಮಾಡೋದು ಕ್ವಾಲಿಫೈಯಿಂಗ್‌ನಿಂದಲೇ, ಒಂದು ಪಾಯಿಂಟ್‌ನಿಂದ ಸಾಲಿನಲ್ಲಿ ಸ್ವಲ್ಪ ಮುಂದೆ ಬಂದಿದ್ದೇನೆ ಅಷ್ಟೇ.

ಗಟ್ಟಿಂಗ್ ಅಣ್ಣಾ, ನಿಮ್ಮ ಹಳೇ ಬಾಕಿ ಪೂರ್ತಿ ಈ ಭಾನುವಾರ ತಂದುಕೊಡ್ತೀನಿ. ಬರುವಾಗ ಮೂರು ರ್ಯಾಕೆಟ್ ಇರುತ್ತೆ, ಮಂಗಳವಾರದೊಳಗೆ ಬೇಕು, ಗಟ್ ಬಿಗಿ 52 ಪೌಂಡ್ ಹಾಕಿ.